ಖೋ ಅಂದರೆ ಮೂರು ಭಾಷೆಯ ಮಕ್ಕಳೂ ಏಳುತ್ತಾರೆ

ತೊರಪಲ್ಲಿ ಅಗ್ರಹಾರ ಅಂದರೆ ಹೊರಗಿನವರಿಗೆ ನೆನಪಾಗುವುದು ಒಂದೇ ಹೆಸರು, ರಾಜಾಜಿ. 1878ರ ಡಿಸೆಂಬರ್ 10ರಂದು ಅವರು ಹುಟ್ಟಿದ ಮನೆ ಈಗ ಸ್ಮಾರಕವಾಗಿದೆ. ಹೊಸೂರಿನಿಂದಲೋ ಬೆಂಗಳೂರಿನಿಂದಲೋ ಕಾರಿನಲ್ಲಿ ಬಂದವರು ಮನೆ ನೋಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ದಕ್ಷಿಣ ಪಿನಾಕಿನಿ ಹೊಳೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಹೊರಟುಬಿಡುತ್ತಾರೆ. ಶನಿವಾರ ಸಂಜೆ ಐದರ ಮೇಲೆ ಅರ್ಧ ಗಂಟೆ ನಿಂತರೆ ಅವರಿಗೆ ಇನ್ನೊಂದು ಸಂಗತಿಯೂ ಸಿಕ್ಕೀತು. ಕೊಯ್ಲಾದ ರಾಗಿ ಹೊಲದಲ್ಲಿ ಸುಣ್ಣದ ಗೆರೆ, ಎರಡು ಕಡೆ ಎರಡು ಗೂಟ, ನಡುವೆ ಸಾಲಾಗಿ ಕುಕ್ಕರಗಾಲಲ್ಲಿ ಕೂತ ಮಕ್ಕಳು, ಮತ್ತು ಧೂಳಿನೊಳಗಿಂದ ಒಂದೇ ಕೂಗು, "ಖೋ!"

ಆ ಹೊಲ ನನ್ನದು. ನಾನು ಡ್ರಿಲ್ ಮೇಷ್ಟ್ರಲ್ಲ. ಎರಡೂವರೆ ಎಕರೆ ಜಮೀನಿನಲ್ಲಿ ಎಲೆಕೋಸು, ಟೊಮೇಟೊ, ಒಂದು ಪಟ್ಟೆ ರಾಗಿ ಬೆಳೆಯುವವನು. ಹೈಸ್ಕೂಲಿನಲ್ಲಿ ಖೋ ಖೋ ಆಡಿದ್ದೆ ಅನ್ನುವುದೊಂದೇ ನನ್ನ ಅರ್ಹತೆ. ಮೂರು ವರ್ಷದ ಹಿಂದೆ ಸುತ್ತಮುತ್ತಲ ಹನ್ನೆರಡರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಸೇರಿಸಿ ಆಡಿಸಲು ಶುರು ಮಾಡಿದಾಗ ಪಕ್ಕದ ಜಮೀನಿನವನು ಕೇಳಿದ್ದು ಈಗಲೂ ಕಿವಿಯಲ್ಲಿದೆ. "ಏನಣ್ಣ, ಮಕ್ಕಳನ್ನ ಆಟಕ್ಕೆ ಎಳ್ಕೊಂಡ್ರೆ ನಮ್ ಹೊಲದ ಕೆಲ್ಸ ನೀನು ಬಂದು ಮಾಡ್ತೀಯಾ?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಸ್ವಲ್ಪ ಇದೆ. ಅದನ್ನು ಹೇಳುವುದಕ್ಕೇ ಈ ಬರಹ.

ನಾನೇ ಮಾಡಿದ ತಪ್ಪು

ಆಟ ಆಡಿಸಿದರೆ ಒಗ್ಗಟ್ಟು ತಾನಾಗಿ ಬರುತ್ತದೆ ಅಂತ ನಾನೂ ನಂಬಿದ್ದೆ. ಆಟೋಟದ ಸಭೆಗಳಲ್ಲಿ ಭಾಷಣ ಮಾಡುವವರೆಲ್ಲ ಹಾಗೇ ಹೇಳುತ್ತಾರಲ್ಲ. ಅದಕ್ಕೇ ಮೊದಲ ವರ್ಷ ಮಕ್ಕಳು ಹೇಗೆ ಬಂದರೋ ಹಾಗೇ ತಂಡ ಕಟ್ಟಿದೆ. ಹೊಳೆ ಕಡೆ ಬೀದಿಯವರದ್ದು ಒಂದು, ರೋಡಿನ ಕಡೆಯವರದ್ದು ಇನ್ನೊಂದು. ಬೀದಿ ಅಂದರೆ ನಮ್ಮ ಕಡೆ ಬರೀ ಬೀದಿಯಲ್ಲ. ಬೀದಿಯ ಜೊತೆಗೆ ಮನೆಮಾತೂ ಬರುತ್ತದೆ, ಜಾತಿಯೂ ಬರುತ್ತದೆ. ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ, ಅಷ್ಟೆ.

ನಾಲ್ಕು ವಾರ ಕಬಡ್ಡಿ ಆಡಿಸಿದೆ. ಮೊದಲ ವಾರ ನಗು, ಎರಡನೇ ವಾರ ಕೂಗಾಟ, ಮೂರನೇ ವಾರ ಅಡ್ಡ ಹೆಸರು. ನಾಲ್ಕನೇ ವಾರ ಒಬ್ಬ ಹುಡುಗನ ಹುಬ್ಬಿಗೆ ಕಲ್ಲು ಬಿತ್ತು. ಮೂರು ಹೊಲಿಗೆ. ಅವನ ಅಪ್ಪ ನಮ್ಮ ಮನೆ ಬಾಗಿಲಿಗೆ ಬಂದು ಏನೂ ಬೈಯಲಿಲ್ಲ. "ನೀನು ಮಕ್ಕಳನ್ನ ಸೇರಿಸ್ತೀನಿ ಅಂದೆ, ಎರಡು ಪಾರ್ಟಿ ಮಾಡಿಟ್ಟೆ" ಅಂದು ಹೋದ. ಬೈದಿದ್ದರೇ ವಾಸಿ ಇತ್ತು.

ಆಮೇಲೆ ಮನಶ್ಶಾಸ್ತ್ರದ ಒಂದು ಪುಸ್ತಕದಲ್ಲಿ ಅಮೆರಿಕದ ಒಂದು ಪ್ರಯೋಗದ ಬಗ್ಗೆ ಓದಿದೆ. 1954ರಲ್ಲಿ ಮುಜಾಫರ್ ಶೆರಿಫ್ ಅನ್ನುವ ವಿದ್ವಾಂಸರು ಒಕ್ಲಹೋಮ ರಾಜ್ಯದ ರಾಬರ್ಸ್ ಕೇವ್ ಅನ್ನುವ ಕಾಡಿನ ಶಿಬಿರಕ್ಕೆ ಹನ್ನೊಂದು ಹನ್ನೆರಡು ವರ್ಷದ 22 ಹುಡುಗರನ್ನು ಕರೆದುಕೊಂಡು ಹೋದರು. ಎಲ್ಲರೂ ಒಂದೇ ತರಹದ ಮನೆಗಳಿಂದ ಬಂದವರು, ಒಂದೇ ಭಾಷೆಯವರು. ಎರಡು ಗುಂಪು ಮಾಡಿ, ಬೇಸ್‌ಬಾಲ್, ಹಗ್ಗ ಜಗ್ಗಾಟದ ಪಂದ್ಯ ಇಟ್ಟು, ಗೆದ್ದವರಿಗೆ ಬಹುಮಾನ ಅಂದರು. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ಒಬ್ಬರ ಕೊಠಡಿಗೆ ಇನ್ನೊಬ್ಬರು ನುಗ್ಗಿದರು. ಒಟ್ಟಿಗೆ ಕೂರಿಸಿ ಊಟ ಹಾಕಿದರೆ ಅನ್ನವನ್ನೇ ಎಸೆದಾಡುವ ಹಾಗಾಯಿತು. ಕಡೆಗೆ ಸರಿಹೋದದ್ದು ಯಾವಾಗ? ಶಿಬಿರದ ನೀರು ನಿಂತಾಗ, ಲಾರಿ ಕೆಟ್ಟು ನಿಂತಾಗ. ಒಂದು ಗುಂಪಿನಿಂದ ಆಗದ ಕೆಲಸ ಎದುರಿಗೆ ಬಂದಾಗ ಎರಡೂ ಗುಂಪು ಕೈ ಹಾಕಿದವು. ಹಗ್ಗ ಜಗ್ಗಾಟಕ್ಕೆ ತಂದಿದ್ದ ಅದೇ ಹಗ್ಗ ಕಟ್ಟಿ ಎಲ್ಲರೂ ಒಂದೇ ಕಡೆಗೆ ಲಾರಿ ಎಳೆದರಂತೆ.

ತಮ್ಮ ಮೇಲೆ ಪ್ರಯೋಗ ನಡೆದಿದೆ ಅನ್ನುವುದು ಆ ಹುಡುಗರಿಗೆ ಗೊತ್ತಿರಲಿಲ್ಲ. ಅದು ಸರಿಯಲ್ಲ ಅಂತ ಮುಂದೆ ಟೀಕೆಯೂ ಬಂತು. ಆದರೂ ಆ ಹಗ್ಗದ ಸಂಗತಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದೇ ಭಾಷೆಯ ಮಕ್ಕಳೇ ಹಾಗಾದರೆ ನಮ್ಮ ಮೂರು ಭಾಷೆಯ ಮಕ್ಕಳು ಕಲ್ಲು ಎಸೆದದ್ದರಲ್ಲಿ ಆಶ್ಚರ್ಯವೇನು? ಆಟ ಒಂದು ಹಗ್ಗ. ಎರಡು ಕಡೆಗೂ ಎಳೆಯಬಹುದು, ಒಂದೇ ಕಡೆಗೂ ಎಳೆಯಬಹುದು. ಯಾವ ಕಡೆಗೆ ಅನ್ನುವುದು ಆಡಿಸುವವನ ಕೈಲಿದೆ.

ಕುಡಿ ಅಂದ್ರೆ ಏನ್ ಕುಡಿಯೋದು?

ಮಾರನೇ ವರ್ಷ ಬೀದಿಯ ಲೆಕ್ಕ ಬಿಟ್ಟೆ. ಚೀಟಿ ಎತ್ತಿಸಿ ತಂಡ ಮಾಡಿದೆ, ಅದೂ ಪ್ರತಿ ವಾರ ಹೊಸದಾಗಿ. ಆಗ ಇನ್ನೊಂದು ತಾಪತ್ರಯ ಶುರುವಾಯಿತು.

ನಮ್ಮ ಕಡೆಯ ಮಾತು ಓದುಗರಿಗೆ ಗೊತ್ತೇ ಇದೆ. ಜಿಲ್ಲೆ ಮೊದಲು ಸೇಲಂ, 1965ರಲ್ಲಿ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಕಚೇರಿಯ ಬೋರ್ಡು ಬದಲಾಯಿತೇ ಹೊರತು ಮನೆಯ ಮಾತು ಬದಲಾಗಲಿಲ್ಲ. ದೊಡ್ಡವರು ನಾವು ಹೊಸೂರಿನ ಉಳವರ್ ಸಂದೈಯಲ್ಲಿ, ರಾಯಕೋಟೆಯ ಟೊಮೇಟೊ ಮಂಡಿಯಲ್ಲಿ ಕನ್ನಡ, ತಮಿಳು, ತೆಲುಗು ಮೂರನ್ನೂ ಕಲಸಿ ವ್ಯಾಪಾರ ಮಾಡುತ್ತೇವೆ. ಮಕ್ಕಳಿಗೂ ಮೂರೂ ಅಷ್ಟಿಷ್ಟು ಬರುತ್ತದೆ. ಆದರೆ ಗಡಿಬಿಡಿಯಲ್ಲಿ ಬಾಯಿಗೆ ಬರುವುದು ಅವ್ವನ ಮಾತೇ.

ಕಬಡ್ಡಿಯಲ್ಲಿ ಒಂದು ದಿನ ಎದುರಾಳಿ ಬಲಗಡೆಗೆ ಹೊರಳಿದ. ತೆಲುಗು ಮನೆಯ ಹುಡುಗ "ಕುಡಿ! ಕುಡಿ!" ಅಂತ ಕಿರುಚಿದ. ತೆಲುಗಿನಲ್ಲಿ ಕುಡಿ ಅಂದರೆ ಬಲಗಡೆ. ಬಲ ಮೂಲೆಯಲ್ಲಿದ್ದ ಕನ್ನಡ ಮನೆಯ ಹುಡುಗ ನೀರು ಯಾರು ತಂದರು ಅಂತ ಹಿಂದೆ ತಿರುಗಿ ನೋಡಿದ. ಎದುರಾಳಿ ಅವನ ಬೆನ್ನು ಮುಟ್ಟಿ ಗೆರೆ ದಾಟಿದ. "ಕುಡಿ ಅಂದ್ರೆ ಏನ್ ಕುಡಿಯೋದೋ?" ಅಂತ ಇವನು, "ನೀಕು ತೆಲೀದಾ?" ಅಂತ ಅವನು. ಮೊದಲು ಎಲ್ಲರೂ ನಕ್ಕರು. ಆಮೇಲೆ ಪಾಯಿಂಟ್ ಹೋಯಿತಲ್ಲ ಅಂತ ಮುಖ ಊದಿಸಿಕೊಂಡರು.

ನಾನೇ ಒಂದು ಭಾಷೆ ಗೊತ್ತುಮಾಡಿ ಅದರಲ್ಲೇ ಕೂಗಿ ಅನ್ನಬಹುದಿತ್ತು. ಹಾಗೆ ಮಾಡಲಿಲ್ಲ, ನೀವೇ ಕೂತು ಮಾತಾಡಿಕೊಳ್ಳಿ ಅಂದೆ. ಬದುವಿನ ಮೇಲೆ ಕೂತು ಅರ್ಧ ಗಂಟೆ ಜಗಳವಾಡಿ ನಾಲ್ಕು ಮಾತು ಆರಿಸಿದರು. ಒಂದು ಪಕ್ಕಕ್ಕೆ "ಹೊಳೆ", ಇನ್ನೊಂದು ಪಕ್ಕಕ್ಕೆ "ರೋಡು". ಹಿಡಿ ಅನ್ನುವುದಕ್ಕೆ ತೆಲುಗಿನ "ಪಟ್ಟು", ಬಿಡು ಅನ್ನುವುದಕ್ಕೆ ತಮಿಳಿನ "ವಿಡು". ಕನ್ನಡದ್ದು ಒಂದು, ತೆಲುಗಿನದು ಒಂದು, ತಮಿಳಿನದು ಒಂದು, ರೋಡು ಎಲ್ಲರದ್ದೂ. ಇದರಲ್ಲಿ ಯಾವ ಮನೆಯ ಮಾತೂ ಸೋಲಲಿಲ್ಲ ಅನ್ನುವುದನ್ನು ಗಮನಿಸಿ. ಹೊಳೆ, ರೋಡು ಅನ್ನುವುದು ಎಡ ಬಲಕ್ಕಿಂತ ವಾಸಿ ಅಂತಲೂ ಆಡುತ್ತ ಆಡುತ್ತ ತಿಳಿಯಿತು. ಎದುರುಬದುರು ನಿಂತವರಿಗೆ ಎಡ ಬಲ ತಿರುಗುಮುರುಗಾಗುತ್ತದೆ, ಹೊಳೆ ಮಾತ್ರ ಇದ್ದ ಕಡೆಯೇ ಇರುತ್ತದೆ.

ಖೋ ಖೋ ಕಲಿಸುವ ಪಾಠ

ಕಬಡ್ಡಿ, ವಾಲಿಬಾಲ್ ಎರಡನ್ನೂ ಆಡಿಸುತ್ತೇನೆ. ವಾಲಿಬಾಲ್‌ನಲ್ಲಿ ಚೆಂಡು ಆಚೆ ದಾಟಿಸಲು ಮೂರು ಹೊಡೆತ ಇರುತ್ತದೆ, ಒಬ್ಬನೇ ಎರಡು ಸಲ ಒಟ್ಟೊಟ್ಟಿಗೆ ಮುಟ್ಟುವಂತಿಲ್ಲ. ಕಬಡ್ಡಿಯಲ್ಲಿ ನೀನು ಎದುರಾಳಿಯನ್ನು ಔಟ್ ಮಾಡಿದರೆ ಔಟಾಗಿ ಹೊರಗೆ ಕೂತ ನಿನ್ನ ಜೊತೆಗಾರ ಒಳಗೆ ಬರುತ್ತಾನೆ. ಎರಡೂ ಒಳ್ಳೆಯ ಪಾಠಗಳೇ. ಆದರೆ ಈ ವಯಸ್ಸಿನ ಮಕ್ಕಳಿಗೆ ಖೋ ಖೋದಷ್ಟು ಚೆನ್ನಾಗಿ ಯಾವುದೂ ಕಲಿಸದು ಅನ್ನುವುದು ನನ್ನ ಅನುಭವ.

ಹೇಗೆ ಅಂತ ಹೇಳುತ್ತೇನೆ. ಬೆನ್ನಟ್ಟುವ ತಂಡದ ಎಂಟು ಜನ ನಡುಗೆರೆಯ ಮೇಲೆ ಕೂತಿರುತ್ತಾರೆ, ಒಬ್ಬ ಈ ಕಡೆ ಮುಖ, ಪಕ್ಕದವ ಆ ಕಡೆ ಮುಖ. ಒಂಬತ್ತನೆಯವನು ಓಡುತ್ತಾನೆ. ಅವನು ನಡುಗೆರೆ ದಾಟುವಂತಿಲ್ಲ, ಒಂದು ದಿಕ್ಕಿಗೆ ಹೊರಟ ಮೇಲೆ ಹಿಂದಕ್ಕೆ ತಿರುಗುವಂತಿಲ್ಲ. ತಪ್ಪಿಸಿಕೊಳ್ಳುವವರು ಮೂರು ಮೂರು ಜನ ಒಳಗೆ ಬರುತ್ತಾರೆ. ಅವರಿಗೆ ಈ ಕಟ್ಟು ಇಲ್ಲ, ಕೂತವರ ನಡುವೆ ಹೇಗೆ ಬೇಕಾದರೂ ನುಸುಳಬಹುದು. ಎದುರಾಳಿ ಗೆರೆಯ ಆಚೆಗೆ ಜಾರಿದ ಅಂದರೆ ಓಡುವವನಿಗೆ ಒಂದೇ ದಾರಿ. ಆಚೆ ಕಡೆ ಮುಖ ಮಾಡಿ ಕೂತವನ ಬೆನ್ನಿಗೆ ಕೈ ತಾಗಿಸಿ ಗಟ್ಟಿಯಾಗಿ ಖೋ ಅನ್ನಬೇಕು, ಅವನು ಎದ್ದ ಜಾಗದಲ್ಲಿ ತಾನು ಕೂರಬೇಕು. ಕೂತವನೋ, ಕಣ್ಣೆದುರೇ ಎದುರಾಳಿ ಕುಣಿಯುತ್ತಿದ್ದರೂ ಬೆನ್ನಿಗೆ ಖೋ ಬೀಳುವ ತನಕ ಏಳುವಂತಿಲ್ಲ.

ಕೊಡುವುದು, ಕೊಟ್ಟು ಕೂರುವುದು, ತನ್ನ ಸರದಿಗೆ ಕಾಯುವುದು, ಬೆನ್ನ ಹಿಂದಿನವನನ್ನು ನಂಬುವುದು. ನಾವು ಮಕ್ಕಳಿಗೆ ಬಾಯಲ್ಲಿ ಹೇಳಿ ಹೇಳಿ ಸೋಲುವ ಈ ನಾಲ್ಕನ್ನು ಆಟದ ಕಾಯಿದೆಯೇ ಮಾಡಿಸುತ್ತದೆ. 1914ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಈ ಆಟಕ್ಕೆ ಕಾಯಿದೆ ಬರೆದವರಿಗೆ ಕೈ ಮುಗಿಯಬೇಕು.

ನಮ್ಮಲ್ಲಿ ಒಬ್ಬ ಹುಡುಗ ಇದ್ದಾನೆ, ಗಾಳಿ ತರಹ ಓಡುತ್ತಾನೆ. ಅವನಿಗೆ ಖೋ ಕೊಡಲು ಮನಸ್ಸೇ ಬರುತ್ತಿರಲಿಲ್ಲ. ಗೂಟದಿಂದ ಗೂಟಕ್ಕೆ ತಾನೇ ಓಡುವುದು, ಎದುರಾಳಿ ನಡುವೆ ನುಸುಳಿ ನಗುವುದು, ಇವನು ಏದುಸಿರು ಬಿಡುವುದು. ಕೇಳಿದರೆ, "ಮಾಮಾ, ಅವರಿಗೆ ಕೊಟ್ರೆ ಹಿಡಿಯಲ್ಲ" ಅನ್ನುತ್ತಿದ್ದ. ಒಂದು ಸಂಜೆ ಐದು ನಿಮಿಷ ಅವನ ಇಷ್ಟದಂತೆ ಬಿಟ್ಟೆ. ಒಬ್ಬರು ಔಟಾದರು. ಇನ್ನೈದು ನಿಮಿಷ ಒಂದು ಕಟ್ಟು ಹಾಕಿದೆ. ಯಾರೇ ಆಗಲಿ ಆರು ಹೆಜ್ಜೆಯೊಳಗೆ ಖೋ ಕೊಡಬೇಕು. ನಾಲ್ಕು ಜನ ಔಟಾದರು, ಅದರಲ್ಲಿ ಇಬ್ಬರನ್ನು ಹಿಡಿದದ್ದು ತಂಡದಲ್ಲೇ ನಿಧಾನದ ಹುಡುಗಿ. ನಾನು ಒಂದು ಮಾತೂ ಹೇಳಲಿಲ್ಲ. ಅವನೇ ಎಣಿಸಿಕೊಂಡು ತಲೆ ಕೆರೆದುಕೊಂಡ.

ಆಟ ಮುಗಿದ ಮೇಲಿನ ಹತ್ತು ನಿಮಿಷ

ಇಷ್ಟೇ ಆದರೆ ಆಟದಲ್ಲಿ ಒಗ್ಗಟ್ಟು ಬರುತ್ತದೆ, ಗೆರೆ ದಾಟಿದ ಮೇಲೆ ಮತ್ತೆ ಅವರವರ ಬೀದಿ. ಅದಕ್ಕೆ ಎರಡು ಪದ್ಧತಿ ಇಟ್ಟುಕೊಂಡೆ.

ಆಟಕ್ಕೆ ಮೊದಲು ಕಾಲು ಗಂಟೆ ಕೆಲಸ. ಕಲ್ಲು ಆರಿಸುವುದು, ಸುಣ್ಣದ ಗೆರೆ ಎಳೆಯುವುದು, ಧೂಳು ಏಳದ ಹಾಗೆ ನೀರು ಚಿಮುಕಿಸುವುದು. ಒಂದು ಬಿಂದಿಗೆಗೆ ಇಬ್ಬರು, ಆ ಇಬ್ಬರು ಒಂದೇ ಬೀದಿಯವರಾಗಿರಬಾರದು. ಆಟ ಮುಗಿದ ಮೇಲೆ ಹತ್ತು ನಿಮಿಷ ಮಾತು. ಇವತ್ತು ಇನ್ನೊಬ್ಬರು ನನಗೆ ಏನು ಮಾಡಿದರು ಅನ್ನುವುದನ್ನು ಒಬ್ಬೊಬ್ಬರೂ ಒಂದು ವಾಕ್ಯ ಹೇಳಬೇಕು, ಯಾವ ಭಾಷೆಯಾದರೂ ಸರಿ. ಯಾರಿಂದ ಸೋತೆವು ಅನ್ನುವ ಮಾತು ಮಾತ್ರ ಕೂಡದು. ಮೊದಮೊದಲು ನಾಚಿಕೆ, ಕಿಸಿಕಿಸಿ ನಗು. ಒಂದು ತಿಂಗಳಾದ ಮೇಲೆ ಒಬ್ಬಳು ಹೇಳಿದಳು, "ಅವನು ನಂಗೆ ಖೋ ಕೊಡೋ ಮುಂಚೆ ನಾನು ರೆಡಿ ಇದೀನಾ ಅಂತ ನೋಡ್ದ." ಅವನು ಅಂದರೆ ಆ ಗಾಳಿ ಹುಡುಗ. ಕಲಿಸಬೇಕಾದ್ದು ಅದೇ ಆಗಿತ್ತು.

ವಾರಕ್ಕೊಬ್ಬರು ನಾಯಕರು. ಚೆನ್ನಾಗಿ ಆಡುವವರೇ ಆಗಬೇಕೆಂದಿಲ್ಲ. ನಾಯಕನ ಕೆಲಸ ಎರಡೇ, ಎಲ್ಲರಿಗೂ ಸರದಿ ಸಿಕ್ಕಿತೇ ನೋಡುವುದು, ಬಾರದವರನ್ನು ಯಾಕೆ ಬರಲಿಲ್ಲ ಅಂತ ಮನೆಗೆ ಹೋಗಿ ವಿಚಾರಿಸುವುದು.

ಸೇವಂತಿಗೆ ತೋಟದಲ್ಲಿ

ಈ ಎರಡನೇ ಕೆಲಸವೇ ಮುಂದೆ ದೊಡ್ಡದಾಯಿತು. ಕಳೆದ ವರ್ಷ ಎರಡು ಶನಿವಾರ ಒಬ್ಬ ಹುಡುಗಿ ಬರಲಿಲ್ಲ. ಹದಿಮೂರು ವರ್ಷ, ಗೂಟದ ಹತ್ತಿರ ತಿರುಗುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ನಾಯಕಿಯಾಗಿದ್ದವಳು ಹೋಗಿ ಕೇಳಿ ಬಂದಳು. ಸೇವಂತಿಗೆ ಕೊಯ್ಲು. ಬೆಳಿಗ್ಗೆ ಐದಕ್ಕೇ ಹೂ ಬಿಡಿಸಲು ಹೋಗಬೇಕು, ಸ್ಕೂಲು ಮುಗಿಸಿ ಬಂದು ಸಂಜೆ ಮನೆ ಕೆಲಸ. ಆಟ ಸಾಕು ಅಂದಿದ್ದಾರೆ. ಸ್ಕೂಲೂ ಸಾಕು ಅನ್ನುವ ಮಾತು ಮನೆಯಲ್ಲಿ ಎದ್ದಿದೆ ಅಂತ ಅವಳ ತಮ್ಮ ಪಿಸುಗುಟ್ಟಿದನಂತೆ.

ನಮ್ಮ ಕಡೆಯವರಿಗೆ ಇದರ ಮುಂದಿನ ಮೆಟ್ಟಿಲು ಯಾವುದು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣು ಮಗು ಸ್ಕೂಲು ಬಿಟ್ಟರೆ ಮರುವರ್ಷವೇ ಮದುವೆ ಮಾತು ಶುರುವಾಗುವ ಮನೆಗಳು ಇನ್ನೂ ಇವೆ. ನಾನೇ ಹೋಗಿ ಮಾತಾಡೋಣ ಅಂತಿದ್ದೆ. ಅಷ್ಟರಲ್ಲಿ ಮಕ್ಕಳೇ ತೀರ್ಮಾನ ಮಾಡಿಯಾಗಿತ್ತು. ಒಂದು ಬೆಳಿಗ್ಗೆ ಏಳು ಜನ ಆ ತೋಟದಲ್ಲಿ ಹೂ ಬಿಡಿಸಲು ನಿಂತಿದ್ದರು, ಎರಡು ಬೀದಿಯವರೂ ಸೇರಿ.

ಮೊದಲ ದಿನ ಹಾಳು ಮಾಡಿದ್ದೇ ಹೆಚ್ಚು. ತೊಟ್ಟು ಸಮೇತ ಕಿತ್ತರು, ಮೊಗ್ಗು ಉದುರಿಸಿದರು, ಒಬ್ಬ ಗಿಡವನ್ನೇ ತುಳಿದ. ಆ ತಾಯಿ ಬೈದ ಬೈಗುಳ ರೋಡಿಗೆ ಕೇಳಿಸುತ್ತಿತ್ತು. ನಾನು ಓಡಿ ಹೋದರೆ ನನಗೂ ಬಿತ್ತು. "ಅಣ್ಣಾ, ನಿನ್ ಆಟದ್ ಮಕ್ಳನ್ನ ಕರ್ಕೊಂಡ್ ಹೋಗು, ಇವತ್ತಿನ ಹೂವೆಲ್ಲ ನಾಶ ಆಯ್ತು." ಮಕ್ಕಳು ಹೋಗಲಿಲ್ಲ. ಸಾಲಿಗೊಬ್ಬರು ಅಂತ ಹಂಚಿಕೊಂಡರು, ಕೈ ಪಳಗಿದವರು ಬಿಡಿಸುವುದು, ಉಳಿದವರು ಬುಟ್ಟಿ ಹೊರುವುದು. ನಾಲ್ಕನೇ ದಿನಕ್ಕೆ ಬೈಗುಳ ನಿಂತಿತು. ಆರೂವರೆಗೆಲ್ಲ ಕೊಯ್ಲು ಮುಗಿದು ಹೂ ಹೊಸೂರಿನ ಟೆಂಪೋ ಏರಿತು. ಆ ಶನಿವಾರ ಹುಡುಗಿ ಆಟಕ್ಕೆ ಬಂದಳು.

ಮಕ್ಕಳನ್ನು ಕೆಲಸಕ್ಕೆ ಹಚ್ಚಿ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಕೆಲಸ ಓದು. ಇದೇ ನಮ್ಮ ಊರಿನ ರಾಜಾಜಿಯವರು ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ 1953ರಲ್ಲಿ ಅರ್ಧ ದಿನ ಸ್ಕೂಲು, ಉಳಿದ ಹೊತ್ತು ಮನೆಯ ಕಸುಬು ಅನ್ನುವ ಯೋಜನೆ ತಂದರು. ಅಪ್ಪನ ಕಸುಬಿಗೇ ಮಗನನ್ನು ಕಟ್ಟಿಹಾಕುತ್ತದೆ ಅಂತ ಜನ ಎದ್ದು ನಿಂತರು, 1954ರಲ್ಲಿ ಯೋಜನೆ ಹೋಯಿತು. ಹೋದದ್ದು ಒಳ್ಳೆಯದೇ. ನಾನು ಹೇಳುವುದು ಬೇರೆ. ಆ ತೋಟಕ್ಕೆ ಹೋಗಿ ಅಂತ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ಜೊತೆಗಾರಳ ಬೆನ್ನ ಮೇಲಿನ ಹೊರೆ ಕಂಡರು, ತಾವು ಎದ್ದರು. ಅವಳು ಈಗ ಒಂಬತ್ತನೇ ತರಗತಿ. ಸ್ಕೂಲು ಬಿಡಿಸುವ ಮಾತು ಸದ್ಯಕ್ಕೆ ನಿಂತಿದೆ. ಪೂರ್ತಿ ನಿಂತಿತು ಅಂತ ನಾನು ಹೇಳಲಾರೆ.

ಸೋತು ಬಂದೆವು

ಗೆದ್ದ ಕತೆ ಇಲ್ಲವೇ ಅಂದರೆ, ಇಲ್ಲ. ಹೋದ ಚಳಿಗಾಲದಲ್ಲಿ ಪಕ್ಕದ ಊರಿನವರು ಕರೆದರು ಅಂತ ಕಬಡ್ಡಿ, ಖೋ ಖೋ ಎರಡಕ್ಕೂ ತಂಡ ಕರೆದುಕೊಂಡು ಹೋದೆ. ಇಳಿದ ತಕ್ಷಣ ಮಕ್ಕಳ ಮುಖ ಪೆಚ್ಚಾಯಿತು. ಅಲ್ಲಿ ಹೊಳೆ ಇಲ್ಲ! ರೋಡು ಬೇರೆ ದಿಕ್ಕಿಗಿದೆ! ಐದು ನಿಮಿಷ ಗುಂಪುಗೂಡಿ ಮಾತಾಡಿಕೊಂಡರು. ಒಂದು ಪಕ್ಕ ನೀರಿನ ಟ್ಯಾಂಕು, ಇನ್ನೊಂದು ಪಕ್ಕ ಹುಣಸೆ ಮರ. "ಟ್ಯಾಂಕು, ಮರ" ಅಂತ ಹೊಸ ಮಾತು ಕಟ್ಟಿಕೊಂಡು ಒಳಗೆ ಇಳಿದರು. ಕಬಡ್ಡಿಯಲ್ಲಿ ಚೆನ್ನಾಗಿಯೇ ಸೋತೆವು, ಖೋ ಖೋದಲ್ಲಿ ಒಂದು ಪಾಯಿಂಟಿನಿಂದ ಸೋತೆವು. ವಾಪಸು ಬರುವಾಗ ಟೆಂಪೋದಲ್ಲಿ ಯಾರೂ ಯಾರನ್ನೂ ದೂರಲಿಲ್ಲ. ಮೂರು ವರ್ಷದ ಹಿಂದೆ ಕಲ್ಲು ಎಸೆದವನು, ಏಟು ತಿಂದವನು, ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತಲ್ಲ, ಎಲ್ಲರೂ ನನ್ನ ಫೋನಿನ ಸುತ್ತ ಕೂತು ನೋಡಿದ್ದರು. ಭಾರತದ ಗಂಡಸರ ತಂಡ, ಹೆಂಗಸರ ತಂಡ ಎರಡೂ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಕಪ್ ಗೆದ್ದವು. ಹೆಂಗಸರ ತಂಡದಲ್ಲಿ ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು ಅನ್ನುವ ಹಳ್ಳಿಯ ಚೈತ್ರಾ ಇದ್ದರು. ರೈತರ ಊರಿನ ಹುಡುಗಿ ಅಂತ ಗೊತ್ತಾದಾಗ ನಮ್ಮ ಸೇವಂತಿಗೆ ಹುಡುಗಿ ನೆಟ್ಟಗೆ ಕೂತಳು. ನಮ್ಮ ಮಕ್ಕಳು ಅಲ್ಲಿಗೆ ಹೋಗುತ್ತಾರೋ ಇಲ್ಲವೋ, ಅದು ನನ್ನ ಲೆಕ್ಕದಲ್ಲಿಲ್ಲ.

ನನ್ನ ಲೆಕ್ಕ ಬೇರೆ. ನಮ್ಮ ಸುತ್ತ ಐದು ಮನೆಯವರು ಒಂದೇ ದಿನ ಎಲೆಕೋಸು ಕೊಯ್ದು ಐದು ಟೆಂಪೋ ಮಾಡಿಕೊಂಡು ಒಂದೇ ಮಂಡಿಗೆ ಹೋಗುತ್ತೇವೆ. ಒಬ್ಬರ ಮೇಲೊಬ್ಬರು ಬೆಲೆ ಇಳಿಸಿಕೊಂಡು ಬರುತ್ತೇವೆ. ಬದುವಿನ ಎರಡು ಮೊಳಕ್ಕೆ ಕೋರ್ಟು ಹತ್ತುತ್ತೇವೆ. ಮೂರು ಭಾಷೆಯಲ್ಲಿ ಚೌಕಾಸಿ ಮಾಡಲು ಬರುವ ನಮಗೆ ಪಕ್ಕದವನ ಬೆನ್ನು ಮುಟ್ಟಿ ಖೋ ಅನ್ನಲು ಬರುವುದಿಲ್ಲ. ನಾಳೆ ಈ ಮಕ್ಕಳು ಹೊಸೂರಿನ ಕಾರ್ಖಾನೆಗೆ ಹೋಗಲಿ, ಮಂಡಿ ಇಡಲಿ, ಜಮೀನಿನಲ್ಲೇ ಉಳಿಯಲಿ, ನಮಗೆ ಬಾರದ ಒಂದು ವಿದ್ಯೆ ಅವರಿಗೆ ಬರುತ್ತದೆ.

ಇದಕ್ಕೆ ಬೇಕಾದ್ದು ಕೊಯ್ಲಾದ ಒಂದು ತುಂಡು ಹೊಲ, ಎರಡು ಗೂಟ, ಒಂದು ಪುಟ್ಟಿ ಸುಣ್ಣ, ವಾರಕ್ಕೆರಡು ಗಂಟೆ ಬಿಡುವಿರುವ ಒಬ್ಬರು ದೊಡ್ಡವರು. ಬಾಗಲೂರು, ಬೇರಿಗೆ, ಶೂಲಗಿರಿ, ತಳಿ, ಕೆಲಮಂಗಲದ ಕಡೆಯ ಓದುಗರು ಯಾರಾದರೂ ಶುರು ಮಾಡುವುದಾದರೆ ಒಂದೇ ಮಾತು ನೆನಪಿಡಿ. ತಂಡವನ್ನು ಬೀದಿ ಲೆಕ್ಕದಲ್ಲಿ ಕಟ್ಟಬೇಡಿ. ಆ ತಪ್ಪನ್ನು ನಿಮ್ಮೆಲ್ಲರ ಪರವಾಗಿ ನಾನೇ ಮಾಡಿ ಮುಗಿಸಿದ್ದೇನೆ.

ಅಂದ ಹಾಗೆ, ಹೊಲದ ಕೆಲಸ ನೀನು ಮಾಡ್ತೀಯಾ ಅಂತ ಕೇಳಿದ ಪಕ್ಕದ ಜಮೀನಿನವನು ಹೋದ ವಾರ ಬಂದಿದ್ದ. ಬದುವಿನ ಮೇಲೆ ಕೂತು ಆಟ ನೋಡಿದ. ಹೋಗುವಾಗ, "ಅಣ್ಣ, ನಾಡಿದ್ದು ಕೋಸು ಕೊಯ್ತೀನಿ. ನಿಂದೂ ಇದ್ರೆ ಒಂದೇ ಟೆಂಪೋ ಮಾಡೋಣ್ವಾ?" ಅಂದ.